ಒಂದೇ ವಾರದಲ್ಲಿ ನಾಲ್ಕು ಧರ್ಮದ ಹಬ್ಬ

ಕಾತ್ರ್ ಬೋರ್ನ್, ಮಾರಿಷಸ್
ಫೆಬ್ರವರಿ 22, 2026

ಪ್ರೀತಿಯ ಅಮ್ಮ, ಅಪ್ಪನಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. "ಯುಗಾದಿಗೂ ಬರಲ್ವಾ, ಆ ದ್ವೀಪದಲ್ಲಿ ಒಬ್ಬಳೇ ಏನು ಹಬ್ಬ ಮಾಡ್ತೀಯ" ಅಂತ ಬೇಜಾರು ಮಾಡಿಕೊಂಡೆಯಲ್ಲ ಅಮ್ಮ, ಅದಕ್ಕೇ ಈ ಉದ್ದದ ಪತ್ರ. ಫೋನಲ್ಲಿ ಹೇಳಲು ಹೊರಟರೆ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ.

ಹೋದ ವಾರ ಇಲ್ಲಿ ಏನೇನಾಯಿತು ಕೇಳು. ಭಾನುವಾರ ಶಿವರಾತ್ರಿ. ಮಂಗಳವಾರ ಚೀನೀಯರ ಹೊಸ ವರ್ಷ. ಬುಧವಾರ ಕ್ಯಾಥೊಲಿಕರ ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ವ್ರತ, ಶುರು. ಅದರ ಬೆನ್ನಿಗೇ ರಂಜಾನ್ ಉಪವಾಸ. ಹೀಗೆ ಎಲ್ಲವೂ ಒಟ್ಟಿಗೆ ಬರುವುದು ಅಪರೂಪ. ಹನ್ನೆರಡು ಲಕ್ಷ ಚಿಲ್ಲರೆ ಜನರ ದೇಶ ಇದು, ಆದರೆ ಒಬ್ಬರ ಹಬ್ಬ ಯಾವತ್ತು ಅಂತ ಇನ್ನೊಬ್ಬರಿಗೆ ಬಾಯಿಪಾಠ.

ಶಿವರಾತ್ರಿಗೆ ನಾನೂ ಗಂಗಾ ತಲಾವ್‌ಗೆ ನಡೆದೆ. ಅದು ಬೆಟ್ಟದ ಮೇಲಿನ ಕೆರೆ, ಹಳೇ ಜ್ವಾಲಾಮುಖಿಯ ಬಾಯಿ. 1972ರಲ್ಲಿ ನಮ್ಮ ಗಂಗೆಯ ನೀರು ತಂದು ಇದಕ್ಕೆ ಸುರಿದರಂತೆ. ಬಿಳಿ ಬಟ್ಟೆ ಹಾಕಿದ ಜನ ದ್ವೀಪದ ಮೂಲೆಮೂಲೆಯಿಂದ ಹಗಲೂ ರಾತ್ರಿ ನಡೆದು ಬರುತ್ತಾರೆ. ನಮ್ಮ ಮೂಡಿಗೆರೆ ಮೇಲೆ ಧರ್ಮಸ್ಥಳಕ್ಕೆ ನಡೆದುಹೋಗುವವರು ನೆನಪಾದರು. ಅಪ್ಪ ಅವರಿಗೆ ಮಜ್ಜಿಗೆ ಕೊಡುತ್ತಿದ್ದರಲ್ಲ, ಇಲ್ಲೂ ಹಾಗೇ ದಾರಿಯುದ್ದಕ್ಕೂ ಮೇಜು ಹಾಕಿ ಜ್ಯೂಸು, ಚಹಾ, ರೊಟ್ಟಿ ಕೊಡುತ್ತಾರೆ. ನನ್ನ ಮುಂದೆ ಇಬ್ಬರು ಹುಡುಗರು ಕಾವಡಿ ಹೊತ್ತಿದ್ದರು. ಬಿದಿರಿನ ಚೌಕಟ್ಟು, ಅದಕ್ಕೆ ಕಾಗದದ ಹೂವು, ಉಗುರಿನಷ್ಟು ಸಣ್ಣ ಕನ್ನಡಿ ಚೂರು. ಜಡಿಮಳೆ ಶುರುವಾದ ಕೂಡಲೇ ತಮ್ಮ ಕೊಡೆಯನ್ನು ಕಾವಡಿಗೆ ಹಿಡಿದು ತಾವು ನೆನೆದರು. ಈಗೀಗ ಚಕ್ರ ಹಾಕಿ ಎಳೆಯುವ ಭಾರಿ ಕಾವಡಿಗಳೂ ಬಂದಿವೆ. ನನಗೆ ಅವು ಇಷ್ಟವಿಲ್ಲ. ರಸ್ತೆ ಕಟ್ಟಿಹೋಗುತ್ತದೆ, ಮೇಲೆ ಕರೆಂಟಿನ ತಂತಿಯ ಭಯ ಬೇರೆ. ಹೆಗಲ ಮೇಲೆ ಹೊರುವುದರಲ್ಲೇ ಭಕ್ತಿ ಇದೆ.

ಎರಡೇ ದಿನಕ್ಕೆ ಚೀನೀಯರ ಹೊಸ ವರ್ಷ. ಬೀದಿ ಕೊನೆಯ ಅಂಗಡಿಯವರು 'ಗಾತೋ ಲಾಸಿರ್' ಕೊಟ್ಟರು. ಅಕ್ಕಿ ಹಿಟ್ಟು, ಸಕ್ಕರೆ ಸೇರಿಸಿ ಹಬೆಯಲ್ಲಿ ಬೇಯಿಸಿದ್ದು, ಕಂದು ಬಣ್ಣ, ಅಂಟು ಅಂಟು. ಹೋಳು ಮಾಡಿ ತಿಂದೆ, ಅರ್ಧ ದಿನ ಹಲ್ಲಿಗೇ ಅಂಟಿಕೊಂಡಿತ್ತು. ತುಂಬಾ ಚೆನ್ನಾಗಿತ್ತು.

ವರ್ಷಕ್ಕೆ ಸುಮಾರು 15 ಸರ್ಕಾರಿ ರಜೆ ಇಲ್ಲಿ. ತಮಿಳರ ತೈಪೂಸಂ, ಗಣೇಶ ಚತುರ್ಥಿಯ ಮಾರನೇ ದಿನ, ದೀಪಾವಳಿ, ಈದ್, ಕ್ರಿಸ್‌ಮಸ್ ಎಲ್ಲ ಇದೆ. ಕ್ಯಾಥೊಲಿಕರಿಗೆ ಆಗಸ್ಟ್ 15ರ ಮೇರಿ ಹಬ್ಬ ಒಂದು ವರ್ಷ, ನವೆಂಬರ್ 1ರ ಸಂತರ ಹಬ್ಬ ಮರುವರ್ಷ, ಸರದಿ ಮೇಲೆ ರಜೆ. ತೆಲುಗರ ಯುಗಾದಿಗೂ ರಜೆ ಇದೆ ಅಮ್ಮ! ಮಾರ್ಚ್ 19ಕ್ಕೆ ಇಡೀ ದೇಶದ ಆಫೀಸು ಬಂದ್.

ಇಷ್ಟೊಂದು ರಜೆ ಯಾಕೆ ಅಂತ ಅಪ್ಪ ಕೇಳಬಹುದು. ನನಗೆ ಅದು ಅರ್ಥವಾಗಿದ್ದು ರಾಜಧಾನಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ನಲ್ಲಿ, ಹಿಂದೆ ಕೂಲಿಗಳನ್ನು ಹಡಗಿನಿಂದ ಇಳಿಸುತ್ತಿದ್ದ ಜಾಗ ಅದು. 1834ರ ನವೆಂಬರ್ 2ರಂದು 'ಅಟ್ಲಾಸ್' ಹಡಗಿನಲ್ಲಿ ಭಾರತದಿಂದ 36 ಜನ ಕೂಲಿಗಳು ಮಾರಿಷಸ್‌ಗೆ ಬಂದಿಳಿದರು. ಆಮೇಲೆ ಲಕ್ಷಗಟ್ಟಲೆ ಬಂದರು. ಐದು ವರ್ಷದ ಕರಾರು, ತಿಂಗಳಿಗೆ 5 ರೂಪಾಯಿ. ಕಬ್ಬಿನ ಗದ್ದೆಗೆ ಒಂದು ದಿನ ಬರಲಿಲ್ಲ ಅಂದರೆ ಎರಡು ದಿನದ ಕೂಲಿ ಮುರಿಯುತ್ತಿದ್ದರು. ಜ್ವರ ಬಂದರೂ ಅಷ್ಟೇ. ಹಬ್ಬದ ಮಾತು ದೂರವೇ ಉಳಿಯಿತು. ಅವರಿಗಿಂತ ಮೊದಲು ಇದೇ ಗದ್ದೆಯಲ್ಲಿ ದುಡಿದವರು ಆಫ್ರಿಕಾ, ಮಡಗಾಸ್ಕರ್ ಕಡೆಯಿಂದ ಹಿಡಿದು ತಂದ ಗುಲಾಮರು. ಅವರಿಗೆ ಆ ಕೂಲಿಯೂ ಇರಲಿಲ್ಲ. ಗುಲಾಮಗಿರಿ ಹೋದ ಫೆಬ್ರವರಿ 1, ಕೂಲಿಗಳು ಬಂದ ನವೆಂಬರ್ 2, ಎರಡಕ್ಕೂ ಈಗ ರಜೆ. ಘಾಟ್‌ನ ಕಲ್ಲಿನ ಮೆಟ್ಟಿಲ ಮುಂದೆ ನಿಂತಾಗ ನನಗೆ ಕಣ್ಣು ತುಂಬಿತು. ಇಲ್ಲಿನವರು ಹಬ್ಬದ ದಿನ ಕೆಲಸದ ಮಾತೇ ಆಡುವುದಿಲ್ಲ, ಅದು ಸೋಮಾರಿತನ ಅಲ್ಲವೇ ಅಲ್ಲ.

ಹಾಗಂತ ಎಲ್ಲರೂ ಎಲ್ಲ ಹಬ್ಬ ಮಾಡುತ್ತಾರೆ ಅಂದುಕೊಳ್ಳಬೇಡ. ಕೆಳಗಿನ ಮನೆ ಅಜ್ಜಿ ಚರ್ಚ್ ಬಿಟ್ಟು ಬೇರೆ ಕಡೆ ಕೈ ಮುಗಿಯುವವರಲ್ಲ. ಆದರೆ ನಾನು ಶಿವರಾತ್ರಿಗೆ ಹೊರಟಾಗ ಬಾಗಿಲಿಗೆ ಬಂದು, ಮೇಲೆ ಚಳಿ ಇರುತ್ತದೆ ಅಂತ ಸ್ವೆಟರ್ ಕೈಗಿಟ್ಟರು. ನನಗೆ ಅಷ್ಟು ಸಾಕು ಅನ್ನಿಸಿತು.

ಈಗ ಯುಗಾದಿ ವಿಷಯ. ಹೋಳಿಗೆ ಮಾಡಿ ಹಂಚಬೇಕು ಅಂತ ನಿರ್ಧರಿಸಿದ್ದೇನೆ. ಅಂಗಡಿಯವರಿಗೆ ಬೆಳಿಗ್ಗೆಯೇ ಕೊಡಬಹುದು. ಎದುರು ಮನೆಯವರಿಗೆ ಅವತ್ತೂ ಉಪವಾಸ, ಸಂಜೆ ಇಫ್ತಾರ್ ಹೊತ್ತಿಗೆ ಬಿಸಿ ಮಾಡಿ ಕೊಡುತ್ತೇನೆ. ಅಜ್ಜಿ ಲೆಂಟ್ ಮುಗಿಯುವವರೆಗೆ ಸಿಹಿ ಬಿಟ್ಟಿದ್ದಾರೆ. ಅವರಿಗೆ ಏಪ್ರಿಲ್ 5ಕ್ಕೆ, ಈಸ್ಟರ್ ದಿನ, ಹೊಸದಾಗಿ ತಟ್ಟಬೇಕು.

ನೀನು ಮಾಡುವ ಕಾಯಿ ಹೋಳಿಗೆಯ ಅಳತೆ ಸರಿಯಾಗಿ ಬರೆದು ಕಳಿಸು. ಒಂದು ಕಾಯಿಗೆ ಬೆಲ್ಲ ಎಷ್ಟು, ಕಣಕ ಎಷ್ಟು ಹೊತ್ತು ನೆನೆಯಬೇಕು, ಎಲ್ಲ. "ಕಣ್ಣಂದಾಜು" ಅಂತ ಮಾತ್ರ ಬರೀಬೇಡ.

ನಿನ್ನ ಪ್ರೀತಿಯ
ಮಗಳು