ಧಾರವಾಡಕ್ಕೆ ಬಂದವರಿಗೆ ಸಂಗೀತದ ಮನೆಗಳನ್ನೂ ತೋರಿಸೋಣ

ಸಂಪಾದಕರಿಗೆ ನಮಸ್ಕಾರ.

ಈಚೆಗೆ ಪುಣೆಯಿಂದ ನಮ್ಮ ಬೀಗರ ಕಡೆಯವರು ಧಾರವಾಡಕ್ಕೆ ಬಂದಿದ್ದರು. ಎಲ್ಲರೂ ಸಂಗೀತದ ಹುಚ್ಚಿನವರು. ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವಕ್ಕೆ ತಪ್ಪದೇ ಹೋಗುವವರು. ಆದರೆ ಆ ಸವಾಯಿ ಗಂಧರ್ವರು, ಅಂದರೆ ಭೀಮಸೇನರ ಗುರುಗಳು, ನಮ್ಮ ಕುಂದಗೋಳದವರು, ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ಹೋದರೆ ಅವರ ಊರೇ ಸಿಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ತಪ್ಪು ಅವರದಲ್ಲ. ನಾವು ಯಾರಿಗೂ ಹೇಳೋದೇ ಇಲ್ಲ.

ಅವರನ್ನು ಮೊದಲು ಶುಕ್ರವಾರಪೇಟೆಗೆ ಕರೆದುಕೊಂಡು ಹೋದೆ. ಗಂಗೂಬಾಯಿ ಹಾನಗಲ್ ಅವರು 1913ರಲ್ಲಿ ಹುಟ್ಟಿದ ಮನೆ ಇರುವ ಪೇಟೆ ಅದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು, ಅಬ್ದುಲ್ ಕರೀಂ ಖಾನರಂಥವರು ಬಂದು ಅವರ ಹಾಡು ಕೇಳುತ್ತಿದ್ದರು. ಓಣಿಯ ಬಾಯಲ್ಲಿ ನಿಂತು ದಾರಿ ಕೇಳಿದೆವು. ಇಬ್ಬರು ಹುಡುಗರು ಗೊತ್ತಿಲ್ಲ ಅಂದರು. ಕಟ್ಟೆ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಿ, 'ಹಾಡೋ ಗಂಗೂಬಾಯಾರ ಮನಿ ಏನ್ರಿ? ಹಂಗ ಮುಂದ ಹೋಗ್ರಿ' ಅಂತ ಕೈ ತೋರಿಸಿದರು. ಈ ಮನೆಯನ್ನು ಸ್ಮಾರಕ ಮಾಡಿದ್ದು, ಆಮೇಲೆ ಅದು ದುಸ್ಥಿತಿಗೆ ಬಂದದ್ದು, ಎರಡೂ ಪತ್ರಿಕೆಗಳಲ್ಲಿ ಬಂದ ಸುದ್ದಿಯೇ. ಪದ್ಮವಿಭೂಷಣ ಪಡೆದ ಗಾಯಕಿ ಹುಟ್ಟಿದ ಜಾಗಕ್ಕೆ ಹೀಗೆ ಆಗಬಾರದು. ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಾಧನಕೇರಿಗೆ ಹೋಗಿ ನೋಡಿ, ಬೇಂದ್ರೆ ಅಜ್ಜನ ಮನೆಯನ್ನು ಯಾರು ಬೇಕಾದರೂ ತೋರಿಸುತ್ತಾರೆ, ಆಟೋದವರಿಗೂ ಗೊತ್ತು. ಕವಿಗೆ ಈ ಊರು ಕೊಟ್ಟ ಮರ್ಯಾದೆ ಹಾಡಿದವರಿಗೂ ಸಿಗಬೇಕಲ್ವಾ?

ಯಾಕೆಂದರೆ ಇಲ್ಲಿರೋದು ಒಂದೆರಡು ಮನೆಯಲ್ಲ. ಮಲ್ಲಿಕಾರ್ಜುನ ಮನ್ಸೂರರು ಬಾಳಿದ 'ಮೃತ್ಯುಂಜಯ' ಇದೆ. ಸಿತಾರ್ ವಾದಕ ರಹಿಮತ್ ಖಾನರು ಕಟ್ಟಿದ ಭಾರತೀಯ ಸಂಗೀತ ವಿದ್ಯಾಲಯವಿದೆ, ಆ ಮನೆತನ ಇವತ್ತಿಗೂ ಸಿತಾರ್ ಬಿಟ್ಟಿಲ್ಲ. ಕಛೇರಿ ಕೇಳೋಕೆ ಸೃಜನಾ ರಂಗಮಂದಿರವಿದೆ. 1950ರ ಜನವರಿಯಲ್ಲಿ ಶುರುವಾದ ಆಕಾಶವಾಣಿ ಇದೆ, ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ನಮ್ಮ ಹಿರಿಯರು ಈ ದೊಡ್ಡವರ ದನಿಯನ್ನು ಮೊದಲು ಕೇಳಿದ್ದೇ ರೇಡಿಯೊದಲ್ಲಿ.

ಇನ್ನು ಕುಂದಗೋಳ. ಗಂಗೂಬಾಯಿಯವರೂ ಸವಾಯಿ ಗಂಧರ್ವರ ಶಿಷ್ಯೆ, ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದರು, ಪಾಠ ಮುಗಿಸಿ ರಾತ್ರಿ ಮತ್ತೆ ರೈಲಿಗೇ ವಾಪಸ್. ಭೀಮಸೇನರಂತೂ ಗುರುಗಳ ಮನೆಯಲ್ಲೇ ಇದ್ದು ಕಲಿತರು. ಆ ರೈಲು ದಾರಿ ಈಗಲೂ ಇದೆ, ಸ್ಟೇಷನ್ನೂ ಇದೆ. ಅಲ್ಲಿಯ ನಾಡಗೀರ ವಾಡೆಯಲ್ಲಿ ಗುರುವಿನ ನೆನಪಿಗೆ ವರ್ಷಾ ವರ್ಷಾ ಅಹೋರಾತ್ರಿ ಸಂಗೀತ ನಡೆಯುತ್ತದೆ. ದೊಡ್ಡ ದೊಡ್ಡ ಕಲಾವಿದರು ಅಲ್ಲಿ ಹಾಡಿದ್ದಾರೆ. ಸುತ್ತಲಿನ ಹಳ್ಳಿಯ ಜನ ಜಮಖಾನದ ಮೇಲೆ ಕೂತು ಬೆಳಗಿನ ರಾಗದವರೆಗೂ ಏಳೋದಿಲ್ಲ. ಎ.ಸಿ. ಇಲ್ಲ, ಮೆತ್ತನೆ ಕುರ್ಚಿ ಇಲ್ಲ, ಹಾಡುವವರಿಗೂ ಕೇಳುವವರಿಗೂ ನಡುವೆ ನಾಲ್ಕು ಮಾರು ಅಂತರ ಅಷ್ಟೇ. ಕೇಳಿದವರಿಗೇ ಗೊತ್ತು ಅದರ ರುಚಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಕೋಟಿಗಟ್ಟಲೆ ದುಡ್ಡು ಹಾಕಿ ಹೊಸ ಭವನ ಕಟ್ಟೋದು ಬೇಡ. ಧಾರವಾಡ ರೈಲ್ವೆ ಸ್ಟೇಷನ್ನಿನಲ್ಲಿ ಈ ಜಾಗಗಳ ಒಂದು ನಕ್ಷೆ ಹಾಕಲಿ, ಓಣಿ ತಿರುವಿನಲ್ಲಿ ಒಂದು ಫಲಕ ಇರಲಿ, ಮನೆಯ ಬಾಗಿಲಿಗೆ ಇಂತಿಷ್ಟು ಹೊತ್ತಿಗೆ ತೆರೆದಿರುತ್ತದೆ ಅಂತ ಬರೆದು ಆ ಹೊತ್ತಿಗೆ ನಿಜವಾಗಿಯೂ ತೆರೆಯಲಿ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ ಇದೆ, ಅಲ್ಲಿ ದೇಶಪಾಂಡೆ ನಗರದಲ್ಲಿ ಸವಾಯಿ ಗಂಧರ್ವರ ಹೆಸರಿನ ಸಭಾಂಗಣ, ಅಲ್ಲಿಂದ ಮುಂದೆ ಕುಂದಗೋಳ. ಒಂದು ದಿನದಲ್ಲಿ ಆರಾಮಾಗಿ ಆಗುತ್ತದೆ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಸ್ಮಾರಕ ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ಶಾಲು, ಪ್ರಶಸ್ತಿ ಪತ್ರ ಇಟ್ಟು ಬೀಗ ಹಾಕೋದಲ್ಲ. ಅವರ ಹಾಡು ಅಲ್ಲಿ ಕೇಳಿಸಬೇಕು. ಆಕಾಶವಾಣಿಯಲ್ಲಿರುವ ಹಳೆಯ ಧ್ವನಿಮುದ್ರಣಗಳನ್ನು ಅನುಮತಿ ಪಡೆದು ಆಯಾ ಮನೆಗಳಲ್ಲಿ ಕೇಳಿಸಬಹುದು. ಬಂದವರು ಅರ್ಧ ಗಂಟೆ ಕೂತು ಕೇಳಲಿ. ಇಲ್ಲದಿದ್ದರೆ ಲೈನ್ ಬಜಾರಿನಲ್ಲಿ ಪೇಡೆ ಕಟ್ಟಿಸಿಕೊಂಡು ಹಾಗೇ ಹೊರಟುಹೋಗುತ್ತಾರೆ. ಪೇಡೆ ಬೇಡ ಅನ್ನಲ್ಲ, ಜೊತೆಗೆ ಇದೂ ಸಿಗಲಿ.

ಪಾಲಿಕೆಯವರು, ಸಂಸ್ಕೃತಿ ಇಲಾಖೆಯವರು, ಟ್ರಸ್ಟುಗಳವರು ಒಮ್ಮೆ ಒಟ್ಟಿಗೆ ಕೂತು ಮಾತಾಡಲಿ. ಕೆಲಸ ಶುಕ್ರವಾರಪೇಟೆಯ ಮನೆಯಿಂದಲೇ ಶುರುವಾಗಲಿ, ಅದಕ್ಕೆ ಕಾಯುವಷ್ಟು ಸಮಯವಿಲ್ಲ.

– ಧಾರವಾಡದ ಒಬ್ಬ ಓದುಗ