ಶೇ 2ರ ಪಟ್ಟಿ ಮತ್ತು ಗಣಿತಜ್ಞರ ಸೈಟೇಶನ್ ಲೆಕ್ಕ

ಮಾನ್ಯರೇ,

ಸೆಪ್ಟೆಂಬರ್ ಬಂತೆಂದರೆ ನಮ್ಮ ಭಾಗದ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶೇ 2ರ ಪಟ್ಟಿಯಲ್ಲಿ (ಜಗತ್ತಿನ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿ) ಇಂಥ ಕಾಲೇಜಿನ ಗಣಿತ ಪ್ರಾಧ್ಯಾಪಕರು. ಕೆಳಗೆ ಸೈಟೇಶನ್ (ಒಂದು ಲೇಖನವನ್ನು ಬೇರೆ ಲೇಖನಗಳು ಆಕರವಾಗಿ ಹೆಸರಿಸುವುದು) ಇಷ್ಟು, ಎಚ್-ಇಂಡೆಕ್ಸ್ (ಅರ್ಥ ಮುಂದೆ ಹೇಳುತ್ತೇವೆ) ಇಷ್ಟು ಎಂಬ ಅಂಕಿ, ಒಂದು ಭಾವಚಿತ್ರ. ಅವರು ಬಿಡಿಸಿದ ಸಮಸ್ಯೆ ಯಾವುದು ಎಂಬುದು ಮಾತ್ರ ಇರುವುದಿಲ್ಲ. ಗಣಿತದವರ ಹೆಸರು ಪತ್ರಿಕೆಯಲ್ಲಿ ಬರುವುದು ನಮಗೆ ಸಂತೋಷವೇ. ಆದರೆ ಆ ಅಂಕಿಗಳನ್ನು ಓದುವ ಬಗೆ ವರದಿಗಾರರಿಗೂ, ಪಿಎಚ್‌.ಡಿ.ಗೆ ಮಾರ್ಗದರ್ಶಕರನ್ನು ಹುಡುಕುತ್ತಿರುವ ಮಕ್ಕಳಿಗೂ ತಿಳಿದಿರಬೇಕು.

ಆ ಪಟ್ಟಿ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು ಎಲ್ಸೆವಿಯರ್ ಕಂಪನಿ ಸಂಶೋಧನಾ ಲೇಖನಗಳ ಲೆಕ್ಕವಿಡುವ ಸ್ಕೋಪಸ್ ದತ್ತಾಂಶದಿಂದ ತಯಾರಿಸುವ ಕೋಷ್ಟಕ ಅದು. ಇಡೀ ವೃತ್ತಿಜೀವನದ ಸೈಟೇಶನ್‌ಗಳದ್ದು ಒಂದು ಪಟ್ಟಿ, ಒಂದೇ ವರ್ಷದಲ್ಲಿ ಬಂದ ಸೈಟೇಶನ್‌ಗಳದ್ದು ಇನ್ನೊಂದು. ಎರಡಕ್ಕೂ ಅಜಗಜಾಂತರ. ಸುದ್ದಿಯಲ್ಲಿ ಯಾವ ಪಟ್ಟಿ ಎಂದು ಬರೆದದ್ದು ಅಪರೂಪ.

ಅಂಕ ಕೊಡುವುದು ಆರು ಅಳತೆಗಳಿಂದ. ಒಟ್ಟು ಸೈಟೇಶನ್, ಎಚ್-ಇಂಡೆಕ್ಸ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ತಗ್ಗಿಸಿದ ಎಚ್-ಇಂಡೆಕ್ಸ್ ಮೊದಲ ಮೂರು. ಉಳಿದ ಮೂರು, ಲೇಖಕರ ಸಾಲಿನಲ್ಲಿ ಹೆಸರು ಎಲ್ಲಿದೆ ಎಂಬುದರ ಮೇಲೆ ನಿಂತಿವೆ: ಒಬ್ಬರೇ ಬರೆದದ್ದು, ಒಬ್ಬರೇ ಅಥವಾ ಮೊದಲಿಗರಾಗಿ ಬರೆದದ್ದು, ಇವೆರಡರ ಜೊತೆಗೆ ಕೊನೆಯವರಾಗಿ ಬರೆದದ್ದು. ವೈದ್ಯಕೀಯದಲ್ಲಿ ಇದಕ್ಕೆ ಅರ್ಥವಿದೆ. ಅಲ್ಲಿ ದುಡಿದವರು ಮೊದಲು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೆ. ಗಣಿತದಲ್ಲಿ ಹೆಸರುಗಳನ್ನು ಅಕಾರಾದಿಯಾಗಿ ಬರೆಯುವುದು ಹಳೆಯ ವಾಡಿಕೆ. ಮೂವರು ಸೇರಿ ಬರೆದಾಗ ಅಕ್ಷರದ ದೆಸೆಯಿಂದ ನಡುವೆ ಬಿದ್ದವರಿಗೆ ಆ ಮೂರೂ ಅಳತೆಗಳಲ್ಲಿ ಏನೂ ಸಿಗದು. ಇನ್ನೊಂದು ತೊಡಕೂ ಇದೆ. ಯಾರು ಯಾವ ವಿಷಯದವರು ಎಂಬುದನ್ನು ಅವರ ಲೇಖನಗಳು ಹೆಚ್ಚಾಗಿ ಎಲ್ಲಿ ಬಂದಿವೆ ಎಂಬುದರಿಂದ ಗುರುತಿಸಲಾಗುತ್ತದೆ. ಹೀಗಾಗಿ ಗಣಿತ ವಿಭಾಗದಲ್ಲಿ ಪಾಠ ಹೇಳುವವರು ಪಟ್ಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸಾಲಿನಲ್ಲಿರಬಹುದು. ಆಗ ಅವರ ಹೋಲಿಕೆ ಗಣಿತದವರ ಜೊತೆಗಲ್ಲ.

ಎಚ್-ಇಂಡೆಕ್ಸ್ 2005ರಲ್ಲಿ ಭೌತವಿಜ್ಞಾನಿ ಹೊರ್ಹೆ ಹಿರ್ಷ್ ಮುಂದಿಟ್ಟ ಅಳತೆ. ಎಚ್ 20 ಎಂದರೆ ತಲಾ 20 ಅಥವಾ ಹೆಚ್ಚು ಸೈಟೇಶನ್ ಪಡೆದ 20 ಲೇಖನಗಳಿವೆ ಎಂದರ್ಥ. ಐದೇ ಲೇಖನ ಬರೆದು ಅವಕ್ಕೆ 400, 150, 90, 40, 5 ಸೈಟೇಶನ್ ಬಂದಿದ್ದರೆ ಎಚ್ 5. ಅದಕ್ಕಿಂತ ಮೇಲೇರಲು ದಾರಿಯೇ ಇಲ್ಲ. 60 ಲೇಖನ ಬರೆದು ಪ್ರತಿಯೊಂದಕ್ಕೂ ಬರೀ 20 ಬಂದಿದ್ದರೆ ಎಚ್ 20. ಇವರಲ್ಲಿ ಯಾರು ದೊಡ್ಡ ಗಣಿತಜ್ಞರು ಎಂಬುದನ್ನು ಈ ಅಂಕಿ ಹೇಳಲಾರದು. 2014ರಲ್ಲಿ ಗಣಿತಜ್ಞ ಅಲೆಕ್ಸಾಂಡರ್ ಯೋಂಗ್ ಇನ್ನೂ ಮುಂದೆ ಹೋಗಿ, ಒಟ್ಟು ಸೈಟೇಶನ್‌ನ ವರ್ಗಮೂಲವನ್ನು 0.54ರಿಂದ ಗುಣಿಸಿದರೆ ಎಚ್ ಸುಮಾರಾಗಿ ಸಿಕ್ಕಿಬಿಡುತ್ತದೆ ಎಂದು ತೋರಿಸಿದರು. 2,500 ಸೈಟೇಶನ್ ಇದ್ದರೆ ವರ್ಗಮೂಲ 50, ಎಚ್ ಸುಮಾರು 27. ಎರಡನ್ನೂ ಅಚ್ಚು ಹಾಕಿದರೆ ಹೆಚ್ಚಿನ ಪಾಲು ಒಂದೇ ಸಂಗತಿಯನ್ನು ಎರಡು ಸಲ ಹೇಳಿದಂತೆ.

ಅಂಕಿ ಎಲ್ಲಿಂದ ಬಂತು ಎಂಬುದೂ ಮುಖ್ಯ. ಲೇಖನ ಹುಡುಕುವ ಗೂಗಲ್ ಸ್ಕಾಲರ್ ತಾಣ ಪಿಎಚ್‌.ಡಿ. ಪ್ರಬಂಧ, ಸಮ್ಮೇಳನದ ಹೊತ್ತಗೆ, ಇನ್ನೂ ಅಚ್ಚಾಗದ ಕರಡು ಎಲ್ಲವನ್ನೂ ಎಣಿಸುತ್ತದೆ. ಸ್ಕೋಪಸ್ ತಾನು ಆಯ್ದ ಪುಸ್ತಕ, ಸಮ್ಮೇಳನದ ಹೊತ್ತಗೆ, ಜರ್ನಲ್‌ಗಳನ್ನು ಮಾತ್ರ. ಒಬ್ಬರದೇ ಅಂಕಿ ಎರಡೂ ಕಡೆ ಬೇರೆ ಬೇರೆ ಇರುತ್ತದೆ. ನಮ್ಮ ಕಡೆಯ ಹೆಸರುಗಳ ಪಾಡು ಬೇರೆಯೇ: ಇನಿಶಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಊರ ಹೆಸರು ಬಿಡಿಸಿ ಬರೆದು ಒಬ್ಬರೇ ಮೂವರಾಗುತ್ತಾರೆ. ಅದೇ ಇನಿಶಿಯಲ್, ಅದೇ ಹೆಸರಿನ ಇನ್ನೊಬ್ಬರ ಲೇಖನಗಳೂ ಬಂದು ಸೇರಿಕೊಳ್ಳುತ್ತವೆ. ಇದಕ್ಕೆ ಮದ್ದು ಸಂಶೋಧಕರಿಗೆ ಸಿಗುವ 16 ಅಂಕಿಯ ಆರ್ಕಿಡ್ (ORCID) ಗುರುತು ಸಂಖ್ಯೆ. ಸಂಶೋಧನೆಗೆ ಕಾಲಿಟ್ಟ ದಿನವೇ ಮಾಡಿಸಿಕೊಂಡು, ಎಲ್ಲ ಲೇಖನಕ್ಕೂ ಒಂದೇ ರೀತಿ ಹೆಸರು ಬರೆಯಬೇಕು.

ಇನ್ನು ಸೈಟೇಶನ್ ಹಿಗ್ಗಿಸುವ ದಂಧೆ. ಆರು ಜನರ ಗುಂಪು ವರ್ಷಕ್ಕೆ 30 ಲೇಖನ ಹೊರಡಿಸುತ್ತದೆ, ಪ್ರತಿ ಲೇಖನದ ಕೊನೆಯ 60 ಆಕರಗಳಲ್ಲಿ 20 ತಮ್ಮವೇ ಎಂದಿಟ್ಟುಕೊಳ್ಳಿ. ವರ್ಷಕ್ಕೆ 600 ಸೈಟೇಶನ್ ಮನೆಯೊಳಗೇ ಹುಟ್ಟಿತು. ಶೇ 2ರ ಕೋಷ್ಟಕದಲ್ಲಿ ಸ್ವಂತ ಸೈಟೇಶನ್ ಶೇಕಡಾ ಎಷ್ಟು ಎಂಬ ಅಂಕಣವಿದೆ; ಅದನ್ನು ನೋಡಬೇಕು. ಆದರೆ ಎಂದೂ ಜೊತೆಗೂಡಿ ಬರೆಯದ ಗೆಳೆಯರು ಪರಸ್ಪರ ಕೊಟ್ಟು ತೆಗೆದುಕೊಂಡರೆ ಆ ಅಂಕಣದಲ್ಲೂ ಸಿಕ್ಕಿಬೀಳುವುದಿಲ್ಲ. ಗಣಿತದಲ್ಲಿ ಸೈಟೇಶನ್ ಸಹಜವಾಗಿಯೇ ಕಡಿಮೆಯಾದ್ದರಿಂದ ಸಣ್ಣ ಗುಂಪೊಂದು ಕೈಯಾಡಿಸಿದರೂ ಮೇಲಿನ ಸಾಲು ಏರುಪೇರಾಗುತ್ತದೆ. 2023ರಲ್ಲಿ ಕ್ಲಾರಿವೇಟ್ ಸಂಸ್ಥೆ ತನ್ನ ಅತಿಹೆಚ್ಚು ಉಲ್ಲೇಖಿತ ಸಂಶೋಧಕರ ಪಟ್ಟಿಯಿಂದ ಗಣಿತ ವಿಭಾಗವನ್ನೇ ಕೈಬಿಟ್ಟದ್ದು ಇದೇ ಕಾರಣಕ್ಕೆ.

ಲೇಖನದೊಳಗಿನ ಗಣಿತ ಸರಿಯೇ ಎಂಬುದನ್ನಂತೂ ಸೈಟೇಶನ್ ಎಣಿಕೆ ನೋಡುವುದೇ ಇಲ್ಲ. ಕರ್ನಾಟಕದಲ್ಲಿ ಅನ್ವಯಿಕ ಗಣಿತವೆಂದರೆ ಬಹುಪಾಲು ದ್ರವಚಲನೆ. ಅದರಲ್ಲೂ ಹಿಗ್ಗುವ ಹಾಳೆಯ ಮೇಲಿನ ಹರಿವು. 1970ರಲ್ಲಿ ಎಲ್. ಜೆ. ಕ್ರೇನ್ ಬಿಡಿಸಿದ ಸಮಸ್ಯೆ ಇದು. ಅದಕ್ಕೆ ಕಾಂತಕ್ಷೇತ್ರ ಸೇರಿಸಿ, ನ್ಯಾನೊ ಕಣ ಸೇರಿಸಿ, ವಿಕಿರಣ ಸೇರಿಸಿ ಲೆಕ್ಕವಿಲ್ಲದಷ್ಟು ಲೇಖನಗಳು ಬಂದಿವೆ. ಇಲ್ಲಿ ಹಾಳೆಯಿಂದ ಅನಂತ ದೂರದಲ್ಲಿ ವೇಗ ಸೊನ್ನೆಯಾಗಬೇಕು ಎಂಬ ನಿಬಂಧನೆ ಇರುತ್ತದೆ. ಕಂಪ್ಯೂಟರ್‌ಗೆ ಅನಂತ ಗೊತ್ತಿಲ್ಲ. ನಾವೇ ಒಂದು ಸಂಖ್ಯೆ ಕೊಡಬೇಕು. ಕ್ರೇನ್ ಉತ್ತರದ ಪ್ರಕಾರ, ಹಾಳೆಯಿಂದಿರುವ ದೂರವನ್ನು ಸೂಚಿಸುವ ಈಟಾ 2 ಆದಾಗ ಹಾಳೆಯ ವೇಗದ ಶೇ 13.5 ಇನ್ನೂ ಉಳಿದಿರುತ್ತದೆ, 5ಕ್ಕೆ ಶೇ 0.67, 10ಕ್ಕೆ ಶೇ 0.005ಕ್ಕಿಂತ ಕಡಿಮೆ. 2ನ್ನೇ ಅನಂತವೆಂದು ಕೊಟ್ಟರೆ ಇನ್ನೂ ಹರಿಯುತ್ತಿರುವ ದ್ರವವನ್ನು ಬಲವಂತವಾಗಿ ನಿಲ್ಲಿಸಿದಂತಾಗುತ್ತದೆ. ಹಾಳೆಯ ಮೇಲಿನ ಘರ್ಷಣೆಯ ಬೆಲೆಯೂ ಕೆಡುತ್ತದೆ. ಪ್ರಾಂಡ್ಟಲ್ ಸಂಖ್ಯೆ (ದ್ರವದಲ್ಲಿ ಶಾಖ ಹರಡುವಿಕೆಗೆ ಹೋಲಿಸಿದರೆ ಸ್ನಿಗ್ಧತೆ ಎಷ್ಟು ಎಂಬ ಅಳತೆ) ಚಿಕ್ಕದಿದ್ದರೆ ಉಷ್ಣಪದರ ದಪ್ಪವಾಗಿ, 10 ಕೂಡ ಸಾಲದೆ ಹೋಗಬಹುದು. ಗ್ರೀಕ್ ಎಂಜಿನಿಯರ್ ಆಸ್ಟೇರಿಯೋಸ್ ಪಾಂಟೋಕ್ರಾಟೋರಸ್ ಈ ತಪ್ಪನ್ನು ಪ್ರಕಟಿತ ಲೇಖನಗಳಲ್ಲಿ ಎತ್ತಿ ತೋರಿಸಿದ್ದಾರೆ. ಕಂಡುಹಿಡಿಯುವುದು ಕಷ್ಟವಲ್ಲ. ನಕ್ಷೆಯ ಗೆರೆ ಅಕ್ಷದ ಮೇಲೆ ಮೆಲ್ಲಗೆ ಮಲಗಬೇಕು; ಓರೆಯಾಗಿ ಬಂದು ಅಕ್ಷಕ್ಕೆ ಬಡಿದಿದ್ದರೆ ಅನುಮಾನಿಸಬೇಕು. ಈಟಾದ ಮೇಲ್ಮಿತಿಯನ್ನು ಇಮ್ಮಡಿಗೊಳಿಸಿ ಮತ್ತೆ ಲೆಕ್ಕ ಹಾಕಿದಾಗ ಘರ್ಷಣೆಯ ಬೆಲೆ ಐದು ದಶಮಾಂಶ ಸ್ಥಾನದವರೆಗೆ ಬದಲಾಗಬಾರದು. ಸಂಶೋಧನಾ ವಿದ್ಯಾರ್ಥಿಗಳು ಲೇಖನ ಕಳಿಸುವ ಮೊದಲು ಇಷ್ಟನ್ನಾದರೂ ಮಾಡಲಿ. ಇಂಥ ಲೇಖನಗಳ ಪೀಠಿಕೆಯಲ್ಲಿ ಲೋಹದ ಬಿಸಿ ಹಾಳೆ ಎಳೆಯುವ ಕಾರ್ಖಾನೆಗಳಿಗೆ ಇದು ಉಪಯುಕ್ತ ಎಂಬ ಸಾಲು ಇದ್ದೇ ಇರುತ್ತದೆ. ಬಳ್ಳಾರಿಯಿಂದ ತೋರಣಗಲ್ಲು ದೂರವೇನಿಲ್ಲ. ಅಲ್ಲಿನ ಉಕ್ಕಿನ ಹಾಳೆಯ ವೇಗ, ಉಷ್ಣತೆಯ ಅಳತೆ ಹಿಡಿದು ಬರೆದ ಲೇಖನ ನಮಗೆ ಬೇಕಾಗಿದೆ.

ಗಣಿತದ ಪ್ರಭಾವ ನಿಧಾನವಾಗಿ ಹರಡುತ್ತದೆ. ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಬಂದ ಸೈಟೇಶನ್ ಮಾತ್ರ ಎಣಿಸುತ್ತದೆ. ಗಣಿತದಲ್ಲಿ ಸುಮಾರು ಶೇ 90ರಷ್ಟು ಸೈಟೇಶನ್ ಆ ಎರಡು ವರ್ಷಗಳ ಆಚೆಯವು ಎಂದು ಅಂತರರಾಷ್ಟ್ರೀಯ ಗಣಿತ ಒಕ್ಕೂಟ ಇತರ ಎರಡು ಸಂಸ್ಥೆಗಳ ಜೊತೆ 2008ರಲ್ಲಿ ಹೊರತಂದ ವರದಿ ಹೇಳುತ್ತದೆ. ಉದಾಹರಣೆ ನಮ್ಮ ನೆಲದಲ್ಲೇ ಇದೆ. ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ. ಈಗ ವಿಜಯನಗರ ಜಿಲ್ಲೆ, ಆಗ ಬಳ್ಳಾರಿ. 1945ರಲ್ಲಿ ಅವರು ಕಲ್ಕತ್ತಾ ಗಣಿತ ಸಂಘದ ಬುಲೆಟಿನ್‌ನಲ್ಲಿ 11 ಪುಟದ ಲೇಖನ ಬರೆದರು. ಯಾವುದೇ ಅಂದಾಜಿನ ನಿಖರತೆ ಒಂದು ಮಿತಿಯನ್ನು ದಾಟಲಾರದು ಎಂಬ ಕ್ರಾಮರ್–ರಾವ್ ಮಿತಿ, ಒರಟು ಅಂದಾಜನ್ನು ಉತ್ತಮಗೊಳಿಸುವ ರಾವ್–ಬ್ಲ್ಯಾಕ್‌ವೆಲ್ ವಿಧಾನ, ಸಂಭವನೀಯತೆಗೆ ರೇಖಾಗಣಿತ ತಂದ ಕಲ್ಪನೆ ಮೂರೂ ಅದರಲ್ಲಿವೆ. ಇದೇ ಕೆಲಸವನ್ನು ಮುಂದಿಟ್ಟು ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದದ್ದು 2023ರಲ್ಲಿ, 102ನೇ ವಯಸ್ಸಿನಲ್ಲಿ. ಇಂದು ರೇಡಾರ್ ಎಂಜಿನಿಯರ್ 'ಕ್ರಾಮರ್–ರಾವ್' ಎಂದು ಬರೆದು ಮುಂದೆ ಸಾಗುತ್ತಾರೆ. ಆಕರಗಳ ಪಟ್ಟಿಯಲ್ಲಿ 1945ರ ಲೇಖನವನ್ನು ಸೇರಿಸುವವರು ಕಡಿಮೆ. ಹೆಸರು ಪಾಠಪುಸ್ತಕ ಸೇರಿದ ಮೇಲೆ ಸೈಟೇಶನ್ ನಿಂತುಹೋಗುವುದು ಹೀಗೆ.

ಬರಿಯ ಸೈಟೇಶನ್ ಬೆನ್ನು ಹತ್ತಿದರೆ ನಮ್ಮ ಊರಿನ ಸಮಸ್ಯೆಗಳು ಕೈತಪ್ಪುತ್ತವೆ. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105.79 ಟಿಎಂಸಿಗೆ ಇಳಿದಿದೆ. ಹೂಳು ಎಲ್ಲಿ, ಯಾವ ವೇಗದಲ್ಲಿ ಕೂರುತ್ತದೆ ಎಂಬುದು ಅಪ್ಪಟ ಅನ್ವಯಿಕ ಗಣಿತ. ಅದನ್ನು ಬರೆದವರಿಗೆ ಸೈಟೇಶನ್ ಬೆರಳೆಣಿಕೆಯಷ್ಟು ಬರಬಹುದು. ರಾಯಚೂರಿನ ಕಾಲುವೆಯ ಕೊನೆಯ ರೈತನಿಗೆ ಬೇಕಿರುವುದು ಅದೇ ಲೆಕ್ಕ.

ಯುಜಿಸಿ ತನ್ನ ಕೇರ್ ಪಟ್ಟಿಯನ್ನು (ಒಪ್ಪಿತ ಜರ್ನಲ್‌ಗಳ ಪಟ್ಟಿ) 2025ರಲ್ಲಿ ಕೈಬಿಟ್ಟ ಮೇಲೆ ಗುಣಮಟ್ಟ ತೂಗುವ ಹೊಣೆ ಕಾಲೇಜು, ವಿಶ್ವವಿದ್ಯಾಲಯಗಳ ಮೇಲೇ ಬಿದ್ದಿದೆ. ಆದ್ದರಿಂದ ಮುಂದಿನ ಸೆಪ್ಟೆಂಬರ್‌ನಲ್ಲಿ ಇಂಥ ಸುದ್ದಿ ಬಂದಾಗ ತಮ್ಮ ವರದಿಗಾರರು ಪ್ರಾಧ್ಯಾಪಕರನ್ನು ಇಷ್ಟು ಕೇಳಲಿ: ಇದು ಒಂದು ವರ್ಷದ ಪಟ್ಟಿಯೋ, ಇಡೀ ವೃತ್ತಿಯದೋ? ಸ್ವಂತ ಸೈಟೇಶನ್ ಎಷ್ಟು ಪಾಲು? ಹಿಂಪಡೆದ ಲೇಖನಗಳಿವೆಯೇ? ನಿಮ್ಮ ಒಂದೇ ಒಂದು ಲೇಖನ ಓದಬೇಕಾದರೆ ಯಾವುದು, ಅದರಲ್ಲಿ ಏನಿದೆ? 2021ರಿಂದ ಉಚಿತವಾಗಿ ತೆರೆದಿರುವ ಜಡ್‌ಬಿ-ಮ್ಯಾತ್ (zbMATH) ಜಾಲತಾಣದಲ್ಲಿ ಹೆಸರು ಹಾಕಿದರೆ ಅವರ ಗಣಿತ ಲೇಖನಗಳು, ಹಲವಕ್ಕೆ ಪರಿಣತರ ವಿಮರ್ಶೆಯೂ ಸಿಗುತ್ತದೆ. ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನೇ ತಾವು ತಲೆಬರಹ ಮಾಡಬೇಕೆಂದು ಕೋರುತ್ತೇವೆ.

– ಗಣಿತ ಅಧ್ಯಾಪಕರು, ಬಳ್ಳಾರಿ