ಒಂದೇ ಮನೆಯಲ್ಲಿ ಎರಡು ಬಡ್ಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹಣಕಾಸು ಪುಟವನ್ನು ನಾನು ಪ್ರತಿ ವಾರ ತಪ್ಪದೆ ಓದುತ್ತೇನೆ. ಯಾವ ಫಂಡು ಎಷ್ಟು ಬೆಳೆಯಿತು, ತಿಂಗಳಿಗೆ ಇಷ್ಟು ಕಟ್ಟಿದರೆ ನಿವೃತ್ತಿ ಹೊತ್ತಿಗೆ ಎಷ್ಟಾಗುತ್ತದೆ ಅನ್ನುವುದೆಲ್ಲ ಅದರಲ್ಲಿ ಚೆನ್ನಾಗಿ ಬರುತ್ತದೆ. ಸಾಲದ ಬಗ್ಗೆ ಬರುವುದು ಮಾತ್ರ ತೀರಾ ಕಡಿಮೆ. ಸಾಲ ಸಿಗುವುದು ಹೇಗೆ ಅಂತ ಬರೆಯುತ್ತಾರೆ, ತೀರಿಸುವುದು ಹೇಗೆ ಅಂತ ಯಾರೂ ಬರೆಯುವುದಿಲ್ಲ. ಉಳಿತಾಯ ಇರುವ ಮನೆಯಲ್ಲೇ ಸಾಲವೂ ಇರುತ್ತದೆ, ಅಲ್ವಾ? ನಮ್ಮ ಮನೆಯಲ್ಲಿ ಎರಡೂ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಹೊತ್ತಿಗೆ ಎಂಟು ತಿಂಗಳು ಕಳೆದುಹೋಗಿತ್ತು.

ನಾನು ಒಂದು ಸಣ್ಣ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಖರ್ಚನ್ನೂ ಮದುವೆಯಾದಾಗಿನಿಂದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಆದರೆ ಕ್ರೆಡಿಟ್ ಕಾರ್ಡು ನಮ್ಮ ಯಜಮಾನರ ಹೆಸರಿನಲ್ಲಿತ್ತು, ಅದರ ಸ್ಟೇಟ್‌ಮೆಂಟ್ ಅವರ ಮೊಬೈಲಿಗೇ ಬರುತ್ತಿತ್ತು. ಅವರಿಗೆ ಮೂರು ತಿಂಗಳು ಕೆಲಸ ಇಲ್ಲದಿದ್ದಾಗ ಮನೆ ನಡೆದದ್ದು ಆ ಕಾರ್ಡಿನಿಂದ. ಆಮೇಲೆ ಬೇರೆ ಕೆಲಸ ಸಿಕ್ಕಿತು, ಬಾಕಿ ಹಾಗೇ ಉಳಿಯಿತು. ಪ್ರತಿ ತಿಂಗಳೂ ಕನಿಷ್ಠ ಮೊತ್ತ ಕಟ್ಟುತ್ತಿದ್ದರು. ನನಗೆ ಗಾಬರಿಯಾಗುತ್ತದೆ ಅಂತ ಹೇಳಿರಲಿಲ್ಲ.

ಒಂದು ರಾತ್ರಿ ಅವರೇ ಸ್ಟೇಟ್‌ಮೆಂಟಿನ ಪ್ರಿಂಟ್ ತಂದು ನನ್ನ ಮುಂದಿಟ್ಟರು. ಏನೂ ಮಾತಾಡಲಿಲ್ಲ. ಹಾಳೆಯ ಮೇಲ್ಭಾಗದಲ್ಲಿ ಒಂದು ಚೌಕ, ಅದರೊಳಗೆ ದಪ್ಪ ಅಕ್ಷರದಲ್ಲಿ ಕನಿಷ್ಠ ಪಾವತಿ: 4,000. ಒಟ್ಟು ಬಾಕಿ 80,000. ಬಡ್ಡಿ ಎಷ್ಟು ಅಂತ ಹುಡುಕಿದೆ. ಕೊನೆಯ ಪುಟದಲ್ಲಿತ್ತು, ಕನ್ನಡಕ ತೆಗೆದು ಹಾಳೆಯನ್ನು ಮುಖದ ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ. ತಿಂಗಳಿಗೆ ನೂರಕ್ಕೆ 3.

ಅವತ್ತು ರಾತ್ರಿಯೇ ಕೂತು ಲೆಕ್ಕ ಹಾಕಿದೆ. 80 ಸಾವಿರಕ್ಕೆ ತಿಂಗಳಿಗೆ 2,400 ಬಡ್ಡಿ. ಕಟ್ಟುವ 4,000ದಲ್ಲಿ ಅಸಲಿಗೆ ಹೋಗುವುದು 1,600 ಮಾತ್ರ. ಮುಂದಿನ ತಿಂಗಳು ಬಾಕಿ ಸ್ವಲ್ಪ ಇಳಿಯುತ್ತದೆ, ಕನಿಷ್ಠ ಮೊತ್ತ ಬಾಕಿಯ ನೂರಕ್ಕೆ 5 ಆದ್ದರಿಂದ ಅದರ ಜೊತೆ ಅದೂ ಇಳಿಯುತ್ತದೆ. ಕಟ್ಟುವುದು ಹಗುರವಾಯಿತು ಅನ್ನಿಸುತ್ತದೆ, ಸಾಲದ ಆಯುಸ್ಸು ಮಾತ್ರ ಬೆಳೆಯುತ್ತದೆ. ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ತಿಂಗಳೂ ತಪ್ಪದೆ ಕಟ್ಟಿದರೂ ವರ್ಷಕ್ಕೆ ನಮ್ಮ ಕೈಯಿಂದ ಹೋಗುವುದು ಸುಮಾರು 43 ಸಾವಿರ. ಸಾಲ ಇಳಿಯುವುದು 17 ಸಾವಿರ. ಬಾಕಿ ಅರ್ಧ ಆಗಬೇಕಾದರೆ ಹತ್ತಿರ ಹತ್ತಿರ ಮೂರು ವರ್ಷ ಬೇಕು. ಎರಡೆರಡು ಸಲ ಕೂಡಿ ನೋಡಿದೆ, ತಪ್ಪಿರಲಿಲ್ಲ.

ಇನ್ನೊಂದು ಕಡೆ ಮಗಳ ಕಾಲೇಜಿಗೆಂದು ನಾವು ಇಟ್ಟಿದ್ದ 1 ಲಕ್ಷದ ಠೇವಣಿ ಇತ್ತು. ವರ್ಷಕ್ಕೆ ಶೇ 6 ಬಡ್ಡಿ. ಎಂಥ ಕಷ್ಟದಲ್ಲೂ ಅದನ್ನು ಮುಟ್ಟಲಿಲ್ಲ ಅನ್ನುವುದು ನಮ್ಮಿಬ್ಬರಿಗೂ ದೊಡ್ಡ ಸಮಾಧಾನವಾಗಿತ್ತು. ಆ ಠೇವಣಿಯಲ್ಲಿ 80 ಸಾವಿರಕ್ಕೆ ವರ್ಷಕ್ಕೆ ಬರುವುದು 4,800. ಅಷ್ಟೇ ಮೊತ್ತದ ಸಾಲಕ್ಕೆ ವರ್ಷಕ್ಕೆ ನಾವು ತೆರುವುದು 26 ಸಾವಿರದ ಹತ್ತಿರ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎರಡರಷ್ಟಾಗಲು ಬೇಕಾದ ಕಾಲ ಅಂದಾಜಿಗೆ ಸಿಗುತ್ತದೆ. ಮಗಳ ಠೇವಣಿಗೆ ಅದು 12 ವರ್ಷ. ಕಟ್ಟದೆ ಬಿಟ್ಟರೆ ಕಾರ್ಡಿನ ಬಾಕಿಗೆ 24 ತಿಂಗಳು.

ಠೇವಣಿ ಮುರಿದು ಸಾಲ ತೀರಿಸೋಣ ಅಂದೆ. "ಅದು ಮಗಳ ದುಡ್ಡು ಕಣೇ, ಮುಟ್ಟೋದು ಬೇಡ" ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಒಂದು ದುಡ್ಡಿಗೆ ಹೆಸರಿಟ್ಟ ಮೇಲೆ ಅದು ಬೇರೆ ದುಡ್ಡಿನ ಹಾಗೆ ಕಾಣುವುದಿಲ್ಲ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇದಕ್ಕೆ ಮೆಂಟಲ್ ಅಕೌಂಟಿಂಗ್ ಅನ್ನುತ್ತಾರೆ. ನಾವು ಮನಸ್ಸಿನಲ್ಲೇ ಬೇರೆ ಬೇರೆ ಡಬ್ಬಿ ಮಾಡಿಕೊಂಡು ಇದು ಬಾಡಿಗೆಗೆ, ಇದು ಓದಿಗೆ, ಇದು ಆಸ್ಪತ್ರೆಗೆ ಅಂತ ಹಣ ಹಂಚಿಡುತ್ತೇವೆ. ಒಂದು ಡಬ್ಬಿ ತೂತಾಗಿ ಸೋರುತ್ತಿದ್ದರೂ ಇನ್ನೊಂದರ ಮುಚ್ಚಳ ತೆಗೆಯಲು ಮನಸ್ಸು ಬರುವುದಿಲ್ಲ. ಹಾಗಂತ ಡಬ್ಬಿಗಳೇ ಬೇಡ ಅಂತ ನಾನು ಹೇಳುವುದಿಲ್ಲ. ಮಗಳ ಓದು ಅನ್ನುವ ಹೆಸರಿಲ್ಲದಿದ್ದರೆ ಆ ಲಕ್ಷ ನಮ್ಮ ಹತ್ತಿರ ಕೂಡುತ್ತಲೇ ಇರಲಿಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟೇ. "ರೀ, ತಿಂಗಳಿಗೆ 2,400 ಬಡ್ಡಿ ಹೋಗ್ತಾ ಇದೆಯಲ್ಲ, ಅದೂ ಮಗಳ ದುಡ್ಡೇ." ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಳಿಗ್ಗೆ ಬ್ಯಾಂಕಿಗೆ ಹೋಗೋಣ ಅಂದರು.

ಅವಧಿಗೆ ಮುಂಚೆ ಮುರಿದದ್ದಕ್ಕೆ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಯಿತು. 80 ಸಾವಿರ ಕಾರ್ಡಿಗೆ ಕಟ್ಟಿ, ಉಳಿದ 20 ಸಾವಿರವನ್ನು ಉಳಿತಾಯ ಖಾತೆಯಲ್ಲಿ ಹಾಗೇ ಇಟ್ಟೆವು. ಸಾಲ ತೀರಿಸುವ ಭರದಲ್ಲಿ ಕೈ ಪೂರ್ತಿ ಖಾಲಿ ಮಾಡಿಕೊಂಡರೆ ಮುಂದಿನ ಸಣ್ಣ ಕಷ್ಟಕ್ಕೇ ಮತ್ತೆ ಕಾರ್ಡು ತೆಗೆಯಬೇಕಾಗುತ್ತದೆ. ಐದು ತಿಂಗಳಲ್ಲೇ ಅತ್ತೆಯ ಕಣ್ಣಿನ ಆಪರೇಷನ್ ಬಂತು. 20 ಸಾವಿರದಲ್ಲಿ ಹೆಚ್ಚಿನ ಪಾಲು ಹೋಯಿತು, ಆದರೆ ಯಾರ ಮುಂದೆಯೂ ಕೈಚಾಚಲಿಲ್ಲ. ಅತ್ತೆ ಈಗ ಸೂಜಿಗೆ ತಾವೇ ದಾರ ಪೋಣಿಸುತ್ತಾರೆ.

ಕಾರ್ಡಿಗೆ ಕಟ್ಟುತ್ತಿದ್ದ 4,000 ಈಗ ಸಂಬಳ ಬಂದ ಮರುದಿನವೇ ತಾನಾಗಿ ಮಗಳ ಹೆಸರಿನಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಅಂದರೆ ಆರ್‌ಡಿಗೆ ಹೋಗುತ್ತದೆ. 20 ಕಂತಿಗೆ 80 ಸಾವಿರ ಪೂರ್ತಿ ವಾಪಸ್. 14 ಮುಗಿದಿವೆ. ಸಂಬಳ ಏರಿದರೆ ಏರಿದ್ದರಲ್ಲಿ ಅರ್ಧ ಇದಕ್ಕೇ ಅಂತ ಮುಂಚೆಯೇ ಮಾತಾಡಿಕೊಂಡಿದ್ದೇವೆ. ಥೇಲರ್ ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಶ್ಲೋಮೊ ಬೆನಾರ್ಟ್ಜಿ ಒಂದು ಕಂಪನಿಯಲ್ಲಿ ಇಂಥದ್ದನ್ನೇ ಮಾಡಿಸಿ ನೋಡಿದ್ದರು. ಒಪ್ಪಿಕೊಂಡ ಕೆಲಸಗಾರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಕೈಗೆ ಬಂದ ದುಡ್ಡನ್ನು ಕಡಿಮೆ ಮಾಡಿಕೊಳ್ಳುವುದು ಕಷ್ಟ, ಇನ್ನೂ ಬರದ ದುಡ್ಡಲ್ಲಿ ಪಾಲು ತೆಗೆದಿಡುವುದು ಅಷ್ಟು ಕಷ್ಟವಲ್ಲ.

ಇದೆಲ್ಲ ಆದ ಮೇಲೆ ನನ್ನ ತಮ್ಮ ತನ್ನ ಸಾಲದ ಕಾಗದ ತಂದು ತೋರಿಸಿದ. 1 ಲಕ್ಷ ಸಾಲ, 12 ಕಂತು, ಶೇ 12 ಫ್ಲಾಟ್ ಬಡ್ಡಿ. "ನೂರಕ್ಕೆ ತಿಂಗಳಿಗೆ ಒಂದೇ ಅಲ್ವಾ ಅಕ್ಕ, ಪರವಾಗಿಲ್ಲ" ಅಂದ. ಪರವಾಗಿಲ್ಲ ಅನ್ನುವ ಲೆಕ್ಕ ಅದಲ್ಲ. ಫ್ಲಾಟ್ ಅಂದರೆ ಮೊದಲ ದಿನದ ಪೂರ್ತಿ ಲಕ್ಷಕ್ಕೇ ಕೊನೆಯ ತಿಂಗಳವರೆಗೂ ಬಡ್ಡಿ. ಆರು ಕಂತು ಕಟ್ಟಿದ ಮೇಲೆ ಅವನ ಹತ್ತಿರ ಉಳಿಯುವ ಸಾಲ ಅರ್ಧ ಲಕ್ಷ, ಬಡ್ಡಿ ಮಾತ್ರ ಇಡೀ ಲಕ್ಷದ್ದು. ವರ್ಷಕ್ಕೆ 12,000. ಬಾಕಿ ಇಳಿದ ಹಾಗೆ ಬಡ್ಡಿಯೂ ಇಳಿಯುವ ಲೆಕ್ಕದಲ್ಲಿ ಅದೇ ಶೇ 12ಕ್ಕೆ ಕಟ್ಟಬೇಕಾದದ್ದು 6,620ರ ಆಸುಪಾಸು. ಅಂದರೆ ಅವನು ನಿಜಕ್ಕೂ ಕೊಡುತ್ತಿರುವುದು ಶೇ ಇಪ್ಪತ್ತೊಂದೂವರೆಯ ಹತ್ತಿರ. ಅವನು ಬುದ್ಧಿವಂತ, ದುಡಿಯುವ ಹುಡುಗ. ಇದನ್ನು ಅವನಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ, ಅಷ್ಟೇ.

ಸಾಲ ಮಾಡಿದವರಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಎಲ್ಲರೂ ಹೇಳುತ್ತಾರೆ. ಮೂರು ತಿಂಗಳು ಸಂಬಳ ಇಲ್ಲದ ಮನೆಗೆ ಆ ಮಾತು ಯಾವ ದಾರಿಯನ್ನೂ ತೋರಿಸುವುದಿಲ್ಲ. ಸುಮ್ನೆ ನಾಚಿಕೆ ಜಾಸ್ತಿ ಮಾಡುತ್ತದೆ. ನಾಚಿಕೆಯಿಂದಲೇ ನಮ್ಮ ಯಜಮಾನರು ಎಂಟು ತಿಂಗಳು ಬಾಯಿ ಬಿಡಲಿಲ್ಲ. ನಮಗೆ ಬೇಕಾಗಿದ್ದದ್ದು ಲೆಕ್ಕ. ಅಮೆರಿಕದಲ್ಲಿ 2009ರ ಕಾನೂನಿನ ಪ್ರಕಾರ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ಕಾಲ ಬೇಕು, ಒಟ್ಟು ಎಷ್ಟಾಗುತ್ತದೆ, 36 ತಿಂಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಎಷ್ಟು ಕಟ್ಟಬೇಕು ಅನ್ನುವುದನ್ನು ಕಾರ್ಡಿನ ಬಿಲ್ಲಿನಲ್ಲೇ ಅಚ್ಚು ಹಾಕಬೇಕು. ನಮ್ಮ ಹಾಳೆಯಲ್ಲಿ ಆ ಮೂರು ಸಾಲು ಇದ್ದಿದ್ದರೆ ಅವರು ಮೊದಲ ತಿಂಗಳೇ ನನ್ನ ಹತ್ತಿರ ಬರುತ್ತಿದ್ದರು ಅಂತ ನಾನು ನಂಬಿದ್ದೇನೆ.

ಬಿಲ್ಲಿನಲ್ಲಿ ಇಲ್ಲದಿದ್ದರೆ ಪತ್ರಿಕೆಯಲ್ಲಾದರೂ ಬರಲಿ ಅನ್ನುವುದು ನನ್ನ ಕೋರಿಕೆ. ಚಿನ್ನದ ದರ, ಷೇರು ಸೂಚ್ಯಂಕ ದಿನಾ ಹಾಕುತ್ತೀರಿ. ಅದರ ಪಕ್ಕದಲ್ಲಿ ವಾರಕ್ಕೊಮ್ಮೆ ಒಂದು ಸಾಲದ ಲೆಕ್ಕಕ್ಕೆ ಅಂಗೈಯಗಲ ಜಾಗ ಕೊಡಿ. ಇಷ್ಟು ಸಾಲ, ಇಷ್ಟು ಬಡ್ಡಿ, ಇಷ್ಟು ಕಟ್ಟಿದರೆ ಇಷ್ಟು ತಿಂಗಳು, ಸ್ವಲ್ಪ ಹೆಚ್ಚು ಕಟ್ಟಿದರೆ ಇಷ್ಟು ತಿಂಗಳು. ಬೈಗುಳ ಬೇಡ, ಉಪದೇಶವೂ ಬೇಡ. ಮೊದಲ ವಾರಕ್ಕೆ ನಮ್ಮ ಮನೆಯ ಲೆಕ್ಕವನ್ನೇ ಬಳಸಿಕೊಳ್ಳಬಹುದು. ಸ್ಟೇಟ್‌ಮೆಂಟಿನ ಪ್ರತಿಯನ್ನು, ಹೆಸರು ಮತ್ತು ಕಾರ್ಡಿನ ನಂಬರ್ ಅಳಿಸಿ, ಈ ಪತ್ರದ ಜೊತೆ ಇಟ್ಟಿದ್ದೇನೆ. ಯಜಮಾನರನ್ನು ಕೇಳಿಯೇ ಇಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು